ತಿರುಗಾಟದ ಪಟ್ಟಿಯಲ್ಲಿ ಕಾಣದ ಲೆಕ್ಕ: ಆಟ ಚಿಕ್ಕದಾದರೆ ಯಾರ ಹೊತ್ತು ಹೋಗುತ್ತದೆ?

ಮಳೆ ಹಿಂದೆ ಸರಿದು ಏಣೆಲು (ಮಳೆಗಾಲದ ಭತ್ತ) ಬೆಳೆಯ ಕೊಯ್ಲು ಮುಗಿಯುವ ಹೊತ್ತಿಗೆ ಮಂಗಳೂರು–ಉಡುಪಿ ಕಡೆಯ ಯಕ್ಷಗಾನ ಮೇಳಗಳ ತಿರುಗಾಟದ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಲು ಶುರು. ಯಾವ ಮೇಳಕ್ಕೆ ಯಾವ ಭಾಗವತರು ಬಂದರು, ಯಾರು ಮೇಳ ಬಿಟ್ಟರು, ಹೊಸ ಪ್ರಸಂಗ ಯಾವುದು, ನಮ್ಮೂರಲ್ಲಿ ಯಾವತ್ತು ಆಟ (ಯಕ್ಷಗಾನ ಪ್ರದರ್ಶನ) ಎಂದು ಎಲ್ಲರೂ ನೋಡುತ್ತಾರೆ. ಪಟ್ಟಿಯಲ್ಲಿ ದಿನಾಂಕವಿರುತ್ತದೆ, ಜಾಗವಿರುತ್ತದೆ, ಸೇವಾಕರ್ತರ ಹೆಸರಿರುತ್ತದೆ. ಆ ರಾತ್ರಿಯ ಗಂಟೆಗಳನ್ನು ಮೇಳದೊಳಗೆ ಯಾರಿಗೆ ಎಷ್ಟೆಂದು ಹಂಚಿದ್ದಾರೆ ಎಂಬುದು ಮಾತ್ರ ಇರುವುದಿಲ್ಲ. ಆಟ ಇಡೀ ರಾತ್ರಿಯೋ, ನಡುರಾತ್ರಿಗೆ ಮೊದಲೇ ಮುಗಿಸುವ ಕಾಲಮಿತಿಯೋ ಎಂಬ ಈಗಿನ ಜಗಳವೆಲ್ಲ ಈ ಹಂಚಿಕೆಯದ್ದೇ. ಆದರೆ ಮಾತು ಭಕ್ತಿ, ಸಂಪ್ರದಾಯ, ನಿದ್ದೆ, ಶಾಲೆ ಎಂದು ಬೇರೆ ಕಡೆಗೇ ಹೋಗುತ್ತದೆ.

ಮೊದಲು ತಿರುಗಾಟದ ಅಳತೆ ನೋಡೋಣ. ಸಾಮಾನ್ಯವಾಗಿ ಕಾರ್ತಿಕದಲ್ಲಿ ಕ್ಷೇತ್ರದ ಸೇವೆಯಾಟದೊಂದಿಗೆ ಗೆಜ್ಜೆ ಕಟ್ಟಿ ಹೊರಟ ಮೇಳ ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನಕ್ಕೆ, ಗೆಜ್ಜೆ ಬಿಚ್ಚುತ್ತದೆ. ಅದು ಬೀಳುವುದು ಮೇ 24ರ ಆಸುಪಾಸಿನಲ್ಲಿ. ನವೆಂಬರ್ 16ಕ್ಕೆ ಹೊರಟರೆ 190 ರಾತ್ರಿ. ಒಂದೇ ಕ್ಷೇತ್ರದಿಂದ ಐದು ಮೇಳ ಹೊರಟರೆ 950 ಆಟ. ಇಷ್ಟಾದರೂ ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳಲ್ಲಿ ಹರಕೆಯಾಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಾರೆ. ಕಾರಣ ಸರಳ. ಪಟ್ಟಿಯ ದೊಡ್ಡ ಪಾಲು ‘ಖಾಯಂ ಆಟ’ಗಳದ್ದು. ಒಂದು ಮನೆ ಅಥವಾ ಒಂದು ಊರಿನ ಹತ್ತು ಸಮಸ್ತರು ಪ್ರತಿವರ್ಷ ಆಡಿಸಿಕೊಂಡು ಬಂದ ಆಟ ಅದು, ಅದನ್ನು ಮುಟ್ಟುವ ಹಾಗಿಲ್ಲ. ಉಳಿದ ರಾತ್ರಿಗಳನ್ನಷ್ಟೇ ಹೊಸ ಹರಕೆಯವರಿಗೆ ಕೊಡಲು ಸಾಧ್ಯ. ಮೇಳ ಹೆಚ್ಚಿಸಿದರೆ ಸಾಲು ಕರಗೀತು, ಆದರೆ ಒಂದು ಮೇಳವೆಂದರೆ ಹಿಮ್ಮೇಳ, ಮುಮ್ಮೇಳ, ನೇಪಥ್ಯ, ಅಡುಗೆ, ವಾಹನ ಎಲ್ಲ ಸೇರಿ ಸುಮಾರು ನಲವತ್ತು ಜನ. ಅವರಲ್ಲಿ ಇಬ್ಬರು ಭಾಗವತರು, ಒಬ್ಬ ಒಂದನೇ ಬಣ್ಣ (ಮುಖ್ಯ ರಾಕ್ಷಸ ವೇಷ), ಒಬ್ಬ ಎದುರು ವೇಷ (ನಾಯಕನಿಗೆ ಎದುರು ನಿಲ್ಲುವ ಪಾತ್ರ), ಜನ ಒಪ್ಪುವ ಒಬ್ಬ ಹಾಸ್ಯಗಾರ ಸಿಗಬೇಕು. ಇವರು ಮಾರುಕಟ್ಟೆಯಲ್ಲಿ ಸಿಗುವವರಲ್ಲ. ಹತ್ತು–ಹದಿನೈದು ವರ್ಷ ರಂಗಸ್ಥಳದ ಮೇಲೆ ನಿಂತು ತಯಾರಾಗುವವರು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಪಟ್ಟಿ ಮಾಡುವ ಕೆಲಸ ತುಳುವರ ಆಟಿ ತಿಂಗಳ ಮಳೆಯಲ್ಲೇ ಆರಂಭ. ಪತ್ತನಾಜೆ ಕಳೆದ ಕೂಡಲೇ ಕಲಾವಿದರ ಅದಲು–ಬದಲು, ಮುಂಗಡ, ಒಪ್ಪಿಗೆ. ಕೆಲವರು ಚಿಕ್ಕಮೇಳ ಕಟ್ಟಿ ಮನೆಮನೆಗೆ ಹೋಗುತ್ತಾರೆ, ಕೆಲವರು ಬೆಂಗಳೂರು–ಮುಂಬಯಿಯ ಆಟಗಳಿಗೆ, ಮಾತು ಬಲ್ಲವರು ತಾಳಮದ್ದಳೆಗೆ. ಇತ್ತ ಪೆಟ್ಟಿಗೆಗಳನ್ನು ಬಿಚ್ಚಿ ಕಿರೀಟ, ಭುಜಕೀರ್ತಿ, ಎದೆಪದಕಗಳ ದುರಸ್ತಿ. ಕರಾವಳಿಯ ಮಳೆಗಾಲದಲ್ಲಿ ಅಂಟು ಬಿಟ್ಟು ಬೇಗಡೆ ಏಳುತ್ತದೆ, ದಗಲೆಗೆ ಬೂಷ್ಟು ಹಿಡಿಯುತ್ತದೆ. ಚೆಂಡೆ ಮದ್ದಳೆಯ ಚರ್ಮ ತೇವ ಎಳೆದು ಸಡಿಲಾಗುತ್ತದೆ. ಸೆಪ್ಟೆಂಬರ್ ಬಿಸಿಲಿಗೆ ಮೊದಲೇ ಮುಚ್ಚಿಗೆ ಬಿಗಿದರೆ ಡಿಸೆಂಬರಿನ ಒಣಗಾಳಿಗೆ ಶ್ರುತಿ ಏರಿ ಕೂರುತ್ತದೆ, ಮತ್ತೆ ಬಿಚ್ಚಬೇಕು.

ದಿನಾಂಕ ಹೊಂದಿಸುವಲ್ಲಿ ಎರಡು ತೊಡಕು. ಒಂದು ದಾರಿ. ಇವತ್ತು ಸುಳ್ಯದಲ್ಲಿ ಆಡಿ ನಾಳೆ ಹೆಬ್ರಿಗೆ ಬರಬೇಕೆಂದರೆ ಲಾರಿಗೂ ಕಷ್ಟ, ಕಲಾವಿದರಿಗೂ ಕಷ್ಟ. ಹಾಗಾಗಿ ಆಚೀಚೆಯ ಊರುಗಳನ್ನು ಒಂದು ವಾರಕ್ಕೆ ಗುಂಪು ಮಾಡುತ್ತಾರೆ. ಇನ್ನೊಂದು ಬಯಲು. ಏಣೆಲು ಕೊಯ್ದ ಗದ್ದೆಯಲ್ಲಿ ಸುಗ್ಗಿ ಬೆಳೆ ಹಾಕುವವರು ನವೆಂಬರ್–ಡಿಸೆಂಬರಿನಲ್ಲಿ ಗದ್ದೆ ಕೊಡುವಂತಿಲ್ಲ, ಅವರ ಆಟ ಸುಗ್ಗಿ ಕೊಯ್ಲಿನ ನಂತರಕ್ಕೇ ಬೀಳಬೇಕು. ಈಗ ಗದ್ದೆಯೇ ಅಡಿಕೆ ತೋಟವಾದ ಮೇಲೆ ಈ ತೊಡಕು ತನ್ನಷ್ಟಕ್ಕೆ ಕಡಿಮೆಯಾಗಿದೆ! ಬದಲಿಗೆ ಶಾಲೆಯ ಮೈದಾನ, ಸಭಾಭವನದ ಅಂಗಳ, ಮನೆಗಳ ನಡುವಿನ ಸೈಟು ಬಂದಿವೆ. ಶಬ್ದದ ತಕರಾರು ಹುಟ್ಟುವುದು ಇಲ್ಲೇ.

ಕಾನೂನು ಏನು ಹೇಳುತ್ತದೆ ಎಂಬ ಬಗ್ಗೆ ಊರಲ್ಲಿ ಅರ್ಧಂಬರ್ಧ ಮಾತೇ ಹೆಚ್ಚು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿಯೆಂದರೆ 10ರಿಂದ ಬೆಳಗ್ಗೆ 6. ಆ ಹೊತ್ತಿನಲ್ಲಿ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 2010ರ ತಿದ್ದುಪಡಿಯಲ್ಲಿ ಇದಕ್ಕೆ ಸಂಗೀತ ವಾದ್ಯಗಳನ್ನೂ ಸೇರಿಸಿದ್ದಾರೆ. ಹಾಗಾಗಿ ‘ಹತ್ತು ಗಂಟೆಯ ಮೇಲೆ ಮೈಕ್ ಆಫ್ ಮಾಡಿ ಆಡಿದರಾಯಿತು’ ಎನ್ನುವವರಿಗೆ ಚೆಂಡೆಯೂ ನಿಯಮದೊಳಗೇ ಬರುತ್ತದೆಂದು ಗೊತ್ತಿರುವುದಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರಕಾರ ರಾತ್ರಿ 10ರಿಂದ 12ರವರೆಗೆ ಸಡಿಲಿಕೆ ಕೊಡಬಹುದು, ಆದರೆ ಅದು ವರ್ಷಕ್ಕೆ 15 ದಿನ ಮೀರುವಂತಿಲ್ಲ. ಮೇಳದ 190 ರಾತ್ರಿಯ ಪಕ್ಕದಲ್ಲಿ ಈ 15ನ್ನು ಇಟ್ಟು ನೋಡಿ. ರಾತ್ರಿ 11.30ಕ್ಕೆ ಮುಗಿಯುವ ‘ಕಾಲಮಿತಿ’ ಆಟವೂ ಅಕ್ಷರಶಃ ಈ ಮಿತಿಯೊಳಗೆ ಬರುವುದಿಲ್ಲ. ನಿಯಮ ಚಾಚೂ ತಪ್ಪದೆ ಪಾಲಿಸಬೇಕಾದರೆ ಐದೂವರೆ ಗಂಟೆಯ ಆಟಕ್ಕೆ ಸಂಜೆ 4.30ಕ್ಕೆ ಚೌಕಿಪೂಜೆ (ಬಣ್ಣ ಹಚ್ಚುವ ಚೌಕಿಯಲ್ಲಿ ಆಟಕ್ಕೆ ಮೊದಲು ಮಾಡುವ ಪೂಜೆ) ಮುಗಿದಿರಬೇಕು. ಕೆಲಸ ಬಿಟ್ಟು ಆ ಹೊತ್ತಿಗೆ ಯಾರು ಬರುತ್ತಾರೆ?

ಡೆಸಿಬೆಲ್ ಲೆಕ್ಕವೂ ಒಮ್ಮೆ ನೋಡಬೇಕಾದ್ದೇ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಧ್ವನಿವರ್ಧಕ ಹಾಕಿದ ಸಾರ್ವಜನಿಕ ಜಾಗದ ಗಡಿಯಲ್ಲಿ ಇದಕ್ಕಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಮಿತಿ. ಅಂದರೆ ರಾತ್ರಿ 55. ತೆರೆದ ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದ ಹೆಚ್ಚುಕಮ್ಮಿ 6 ಡೆಸಿಬೆಲ್ ಇಳಿಯುತ್ತದೆ. ರಂಗಸ್ಥಳದಿಂದ 2 ಮೀಟರಿನಲ್ಲಿ 95 ಇದೆ ಎಂದು ಹಿಡಿಯಿರಿ. 4 ಮೀಟರಿಗೆ 89, 16ಕ್ಕೆ 77, 64ಕ್ಕೆ 65, 256 ಮೀಟರಿಗೆ 53. ಗಡಿ ಕಾಲು ಕಿಲೋಮೀಟರ್ ಆಚೆ ಇದ್ದರಷ್ಟೇ ನೆಮ್ಮದಿ. ಹಳೆಯ ಬಾಕಿಮಾರು ಗದ್ದೆಗೆ ಅಷ್ಟು ಹರವು ಇತ್ತು. ಹತ್ತು ಸೆಂಟ್ಸಿನ ಸೈಟಿಗೆ ಎಲ್ಲಿಂದ ಬರಬೇಕು?

ಈ ಲೆಕ್ಕದಲ್ಲಿ ಕೈಗೆ ಸಿಗುವುದೂ ಒಂದಿಷ್ಟಿದೆ. ತೆಂಗಿನ ಮರಕ್ಕೆ ಕಟ್ಟಿ ನಾಲ್ಕು ದಿಕ್ಕಿಗೂ ತಿರುಗಿಸಿದ ಕೊಂಬಿನ ಸ್ಪೀಕರುಗಳು ಆಟಕ್ಕೆ ಬೇಕಾಗಿಯೇ ಇಲ್ಲ. ಅವು ‘ಇಲ್ಲಿ ಆಟ ಉಂಟು’ ಎಂದು ಸಾರಲಿಕ್ಕೆ ಇರುವುದು, ಆ ಕೆಲಸವನ್ನು ಹಿಂದೆ ಮುಸ್ಸಂಜೆಯ ಅಬ್ಬರ ಬಡಿತ ಮಾಡುತ್ತಿತ್ತು. ಎರಡು ದೊಡ್ಡ ಪೆಟ್ಟಿಗೆಗಳನ್ನು ಎತ್ತರದಲ್ಲಿಟ್ಟು ಜೋರು ಮಾಡುವ ಬದಲು ನಾಲ್ಕು ಚಿಕ್ಕವನ್ನು ಪ್ರೇಕ್ಷಕರ ನಡುವೆ, ಆಳೆತ್ತರದಲ್ಲಿ, ತುಸು ಕೆಳಮುಖವಾಗಿ ಇಟ್ಟರೆ ಹಿಂದಿನ ಸಾಲಿಗೂ ಅರ್ಥ (ವೇಷಧಾರಿಯ ಮಾತು) ಕೇಳುತ್ತದೆ, ಗಡಿಯಾಚೆ ಹೋಗುವ ಶಬ್ದವೂ ಇಳಿಯುತ್ತದೆ. ಚೆಂಡೆಗೆ ಬೇರೆ ಮೈಕ್ ಇಡುವ ಚಟವನ್ನಂತೂ ಬಿಡಬೇಕು. ಚೆಂಡೆಗೆ ಮೈಕ್ ಕೊಟ್ಟರೆ ಭಾಗವತರ ಮೈಕ್ ಏರಿಸಬೇಕು, ಅದನ್ನು ಏರಿಸಿದರೆ ವೇಷಧಾರಿಗೆ ತನ್ನ ಮಾತು ತನಗೇ ಕೇಳಿಸದೆ ಅವನೂ ಕಿರುಚಬೇಕು. ಸೀಸನ್ನಿನ ಅರ್ಧಕ್ಕೇ ಗಂಟಲು ಕೈಕೊಡುವುದು ಹೀಗೆ.

ಧರ್ಮಸ್ಥಳ ಮೇಳ ಮೊದಲೇ ಕಾಲಮಿತಿಗೆ ಹೊರಳಿತ್ತು. 2022ರ ತಿರುಗಾಟಕ್ಕೆ ಕಟೀಲಿನ ಆಗಿನ ಆರು ಮೇಳಗಳೂ ಅದೇ ದಾರಿ ಹಿಡಿದಾಗ ವಿರೋಧ ಎದ್ದಿತು, ಪಾದಯಾತ್ರೆ ನಡೆಯಿತು, ವಿಷಯ ಹೈಕೋರ್ಟಿನ ಮೆಟ್ಟಿಲೂ ಹತ್ತಿತು. ಪಾವಂಜೆ, ಹನುಮಗಿರಿಯಂಥ ಮೇಳಗಳ ಕಥೆ ಬೇರೆ. ಸಂಜೆಯ ಕಾಲಮಿತಿ ಆಟವೇ ಅವರ ನಡೆ, ಪ್ರಸಂಗವನ್ನೂ ಅದಕ್ಕೆ ತಕ್ಕಂತೆ ಕತ್ತರಿಸಿ ತಯಾರು ಮಾಡಿಕೊಳ್ಳುತ್ತಾರೆ. ಬಡಗುತಿಟ್ಟಿನ (ಉತ್ತರದ ಶೈಲಿಯ) ಸಾಲಿಗ್ರಾಮ, ಪೆರ್ಡೂರು ಟೆಂಟಿನ ಮೇಳಗಳಾದ್ದರಿಂದ ಅಲ್ಲಿ ಟಿಕೆಟಿನ ಲೆಕ್ಕಾಚಾರವೂ ಸೇರುತ್ತದೆ. ಪೇಚಿರುವುದು ಹರಕೆಯಾಟದ ಮೇಳಗಳಿಗೆ. ಎಂಟೂವರೆ ಗಂಟೆಯ ಅಳತೆಗೆ ಹೊಲಿದ ಅಂಗಿಯನ್ನು ಐದೂವರೆ ಗಂಟೆಗೆ ತೊಡಿಸಬೇಕಾದವರು ಅವರು.

ಅಂಗಿಯ ಹೊಲಿಗೆ ಹೇಗಿತ್ತೆಂದು ನೋಡಿ. ಹಳೆಯ ಕ್ರಮದಲ್ಲಿ ರಾತ್ರಿ ಒಂಬತ್ತೂವರೆಗೆ ರಂಗಸ್ಥಳಕ್ಕೆ ಹೋಗುವವನು ಸಂಗೀತಗಾರ, ಅಂದರೆ ಕಲಿಯುತ್ತಿರುವ ಭಾಗವತ. ಅವನ ಪದಕ್ಕೆ ಕೋಡಂಗಿ, ಬಾಲಗೋಪಾಲರು, ಷಣ್ಮುಖ, ಅರ್ಧನಾರೀಶ್ವರ, ಪೀಠಿಕೆಯ ಸ್ತ್ರೀವೇಷ. ಮದ್ದಳೆಯಲ್ಲೂ ಚೆಂಡೆಯಲ್ಲೂ ಆ ಹೊತ್ತಿಗೆ ಕೂರುವವರು ಎಳಬರು. ಹನ್ನೊಂದರ ಸುಮಾರಿಗೆ ಪ್ರಸಂಗ ಶುರುವಾಗಿ ಎರಡನೆಯ ಭಾಗವತರು ಜಾಗಟೆ ಹಿಡಿದರೆ, ಮುಖ್ಯ ಭಾಗವತರು ಬಂದು ಕೂರುವುದು ನಡುರಾತ್ರಿ ಕಳೆದ ಮೇಲೆ, ಅಲ್ಲಿಂದ ಮಂಗಳದವರೆಗೆ ಅವರದ್ದೇ. ‘ಭಾಗವತನೇ ಒಂದನೇ ವೇಷ’ ಎನ್ನುತ್ತಾರೆ. ಆ ಒಂದನೇ ವೇಷ ತಯಾರಾಗುವ ಗರಡಿ ಮೊದಲ ಒಂದೂವರೆ ಗಂಟೆ. ಪ್ರೇಕ್ಷಕರು ಊಟ ಮುಗಿಸಿ, ಚಾಪೆ ಹಾಸಿಕೊಂಡು, ನೆಲಗಡಲೆ ಕೊಳ್ಳುತ್ತಿರುವ ಹೊತ್ತದು. ಯಾರೂ ಅಷ್ಟು ಗಮನ ಕೊಡದ ಕಾರಣಕ್ಕೇ ಅಲ್ಲಿ ತಪ್ಪಬಹುದಿತ್ತು. ತಾಳ ತಪ್ಪಿ, ಪದ ಮರೆತು, ಹಿರಿಯರೊಬ್ಬರ ಕಣ್ಸನ್ನೆಯಲ್ಲಿ ಸರಿಮಾಡಿಕೊಂಡು ಕಲಿಯಬಹುದಿತ್ತು.

ಕಾಲಮಿತಿಯಲ್ಲಿ ಏನಾಯಿತು? ಸಂಜೆ ಆರಕ್ಕೆ ಶುರುಮಾಡಿ ಹನ್ನೊಂದೂವರೆಗೆ ಮುಗಿಸಬೇಕು. ದೇವಿಮಹಾತ್ಮೆಯಾದರೆ ಮಧುಕೈಟಭ, ಮಹಿಷ, ಧೂಮ್ರಾಕ್ಷ, ಚಂಡಮುಂಡರು, ರಕ್ತಬೀಜ, ಶುಂಭ–ನಿಶುಂಭರು ಯಾರನ್ನೂ ಬಿಡುವಂತಿಲ್ಲ, ಹರಕೆಯವರಿಗೆ ಎಲ್ಲರೂ ಬೇಕು. ಮಹಿಷನ ಅಬ್ಬರಕ್ಕೆ ಕತ್ತರಿ ಹಾಕಿದರೆ ಜನ ಸುಮ್ಮನಿರುವುದಿಲ್ಲ, ರಕ್ತಬೀಜನ ಮಾತಿಗೆ ಕೈಹಾಕಿದರೆ ಆ ವೇಷಧಾರಿ ಸುಮ್ಮನಿರುವುದಿಲ್ಲ. ಯಾರೂ ಕೇಳದ ಜಾಗ ಒಂದೇ: ಪೂರ್ವರಂಗ, ಅಂದರೆ ಪ್ರಸಂಗಕ್ಕೆ ಮೊದಲಿನ ಆ ಗರಡಿಯ ಹೊತ್ತು. ಒಂದೂವರೆ ಗಂಟೆ ಇದ್ದದ್ದು ಅರ್ಧ ಗಂಟೆಗೆ ಇಳಿಯಿತು, ಕೆಲವೊಮ್ಮೆ ಅದೂ ಇಲ್ಲ. ರಾತ್ರಿಗೆ ಒಂದು ಗಂಟೆಯ ಹಾಗೆ ಹಿಡಿದರೂ ಒಂದು ತಿರುಗಾಟದಲ್ಲಿ 190 ಗಂಟೆ. ಒಂದು ಮೇಳದ ನಾಲ್ಕೈದು ಎಳೆಯರು ಹಂಚಿಕೊಳ್ಳುತ್ತಿದ್ದ ರಂಗದ ಹೊತ್ತದು. ತರಬೇತಿ ಕೇಂದ್ರದಲ್ಲಿ ಇದನ್ನು ತುಂಬಿಕೊಡಬಹುದು ಎನ್ನುವವರಿದ್ದಾರೆ. ಉಡುಪಿಯ ಯಕ್ಷಗಾನ ಕೇಂದ್ರದಂಥ ಕಡೆ ಹೆಜ್ಜೆ, ತಾಳ, ರಾಗವನ್ನು ಕ್ರಮವಾಗಿ ಕಲಿಸುತ್ತಾರೆ, ಮೇಳಗಳಿಗೆ ಅದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಆದರೆ ಎದುರು ಜನ ಕೂತಿರುವಾಗ ಚೆಂಡೆಯ ಉರುಳಿಕೆಗೆ ಸರಿಯಾಗಿ ತೆರೆ ಸರಿಯುವ ಗಳಿಗೆಯನ್ನು ತರಗತಿಯಲ್ಲಿ ಕಲಿಸಲು ಬರುವುದಿಲ್ಲ.

ಹೊಡೆತ ಬಿದ್ದ ಎರಡನೆಯ ಜಾಗ ಚೌಕಿ. ಇದು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಬಣ್ಣದ ವೇಷಕ್ಕೆ ಮುಖದ ಮೇಲೆ ಚುಟ್ಟಿ ಇಡಬೇಕು. ಮೊದಲು ಎಣ್ಣೆಯಲ್ಲಿ ಕಲಸಿದ ಬಣ್ಣದಿಂದ ತಳ: ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು, ಅರದಳದ ಹಳದಿ. ಅದರ ಮೇಲೆ ಅಕ್ಕಿಹಿಟ್ಟು, ಸುಣ್ಣ ಸೇರಿಸಿ ನುಣ್ಣಗೆ ಅರೆದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಚುಕ್ಕೆ ಚುಕ್ಕೆಯಾಗಿ ಇಡುತ್ತ ಹೋಗಬೇಕು. ಒಂದು ಸುತ್ತು ಒಣಗಿದ ಮೇಲೆ ಅದೇ ಚುಕ್ಕೆಯ ಮೇಲೆ ಇನ್ನೊಂದು, ಮತ್ತೆ ಇನ್ನೊಂದು. ಹೀಗೆ ಮುಳ್ಳು ಏಳುತ್ತದೆ. ಮೂರು ಗಂಟೆಯಾದರೂ ಬೇಕು. ಅವಸರ ಮಾಡಿ ಹಸಿ ಸುತ್ತಿನ ಮೇಲೆ ಇನ್ನೊಂದು ಸುತ್ತು ಇಟ್ಟರೆ ಮುಳ್ಳು ಭಾರಕ್ಕೆ ಬಾಗುತ್ತದೆ, ಮೊದಲ ಆರ್ಭಟಕ್ಕೇ ಬುಡ ಬಿಟ್ಟು ಉದುರುತ್ತದೆ. ಹಿಟ್ಟು ನೀರಾದರೆ ಹರಡುತ್ತದೆ, ಗಟ್ಟಿಯಾದರೆ ಒಣಗುವಾಗ ಬಿರಿಯುತ್ತದೆ.

ಇಡೀ ರಾತ್ರಿಯ ಆಟದಲ್ಲಿ ಮಹಿಷ ಬರುವುದು ನಡುರಾತ್ರಿ ದಾಟಿ. ಕಲಾವಿದ ಒಂಬತ್ತೂವರೆ, ಹತ್ತಕ್ಕೆ ಕನ್ನಡಿಯ ಮುಂದೆ ಕೂತರೆ ಸಾಕು, ಗಾಳಿ ತಂಪು, ಮುಖ ಒಣ. ಕಾಲಮಿತಿಯಲ್ಲಿ ಎಂಟೂವರೆಗೆ ಮಹಿಷ ರಂಗಕ್ಕೆ ಬರಬೇಕಾದರೆ ನಾಲ್ಕೂವರೆ, ಐದಕ್ಕೇ ಕೂರಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ತಗಡಿನ ಶೀಟಿನಡಿಯ ಚೌಕಿಯಲ್ಲಿ ಆ ಹೊತ್ತಿಗೆ ಹಣೆಯಿಂದ ಬೆವರು ಇಳಿಯುತ್ತಲೇ ಇರುತ್ತದೆ. ಬೆವರಿಗೆ ಎಣ್ಣೆಬಣ್ಣದ ತಳ ಜಾರುತ್ತದೆ, ತಳ ಜಾರಿದರೆ ಚುಟ್ಟಿ ನಿಲ್ಲುವುದಿಲ್ಲ. ಹಾಗಾಗಿ ಸುತ್ತು ಕಡಿಮೆ, ಮುಳ್ಳು ಕುಳ್ಳು, ಕೆಲವರಲ್ಲಿ ಚುಟ್ಟಿಯ ಬದಲು ಬಿಳಿ ಬಣ್ಣದ ಬರೀ ಗೆರೆ. ‘ಈಗಿನ ಬಣ್ಣದ ವೇಷಕ್ಕೆ ಮೊದಲಿನ ಗತ್ತಿಲ್ಲ’ ಎಂದು ದೂರುವ ಹಿರಿಯ ಪ್ರೇಕ್ಷಕರು ಕಲಾವಿದನ ಸೋಮಾರಿತನ ಎಂದುಕೊಳ್ಳುತ್ತಾರೆ. ನಿಜವಾದ ತಪ್ಪಿತಸ್ಥ ಗಡಿಯಾರ ಮತ್ತು ತಗಡು. ಪರಿಹಾರ ಕಷ್ಟದ್ದೇನಲ್ಲ. ಚೌಕಿಗೆ ಶೀಟಿನ ಬದಲು ಮಡಲಿನ (ತೆಂಗಿನ ಗರಿಯ) ಚಪ್ಪರ, ಅಥವಾ ಶೀಟಿನ ಮೇಲೆ ಹಸಿ ಮಡಲು, ಗಾಳಿ ಆಡಲು ಎರಡು ಬದಿ ತೆರವು, ಬಣ್ಣದವರ ಸಾಲಿಗೆ ಫ್ಯಾನು. ಸೇವಾಕರ್ತರು ಸ್ವಾಗತ ಕಮಾನಿಗೆ ಸುರಿಯುವ ಹಣದಲ್ಲಿ ಸ್ವಲ್ಪ ಇತ್ತ ತಿರುಗಿಸಿದರೆ ಸಾಕು.

ಮೂರನೆಯದು ಊಟ. ತಮಾಷೆಯಲ್ಲ, ಕಾಲಮಿತಿ ಆಟ ಕೆಡುವುದು ಹೆಚ್ಚಾಗಿ ಅನ್ನದಾನದ ಸಾಲಿನಲ್ಲಿ. ಹಿಂದೆ ಎಲ್ಲರ ಊಟವಾದ ಮೇಲೆ ಪ್ರಸಂಗ ಶುರುವಾಗುತ್ತಿತ್ತು. ಈಗ ಆಟವೂ ಊಟವೂ ಒಟ್ಟೊಟ್ಟಿಗೆ. ಎಂಟಕ್ಕೆ ಎಲೆ ಹಾಕಿದರೆ ಸಭೆಯ ಅರ್ಧ ಖಾಲಿ, ಮಹಿಷ ದೊಂದಿ ಹಿಡಿಸಿಕೊಂಡು ಬರುವ ಹೊತ್ತಿಗೆ ದಾರಿಯಲ್ಲಿ ಕೈತೊಳೆಯುವವರ ಗುಂಪು. ರಾಳದ ಬೆಂಕಿ ಏಳುವಾಗ ಮಕ್ಕಳು ಅಡ್ಡ ಓಡಿದರೆ ಅಪಾಯವೂ ಹೌದು. ಸಂಘಟಿಸುವವರು ಮಾಡಬೇಕಾದ್ದು ಇಷ್ಟು: ಊಟ ಆರೂವರೆಗೇ ಆರಂಭಿಸಿ ಎಂಟಕ್ಕೆ ನಿಲ್ಲಿಸುವುದು, ಉಳಿದವರಿಗೆ ಮಂಗಳದ ನಂತರ ಬಡಿಸುವುದು, ಮಹಿಷನ ದಾರಿಗೆ ಹತ್ತಡಿ ಅಗಲ ಬಿಟ್ಟು ಎರಡೂ ಬದಿ ಹಗ್ಗ ಕಟ್ಟುವುದು, ದೊಂದಿಯವರ ಹಿಂದೆಯೇ ಎರಡು ಕೊಡ ನೀರು ಮತ್ತು ಒದ್ದೆ ಗೋಣಿ ಇಡುವುದು. ಸನ್ಮಾನ, ಸಭಾ ಕಾರ್ಯಕ್ರಮವನ್ನು ಆಟದ ನಡುವೆ ತುರುಕಬಾರದು. ಹತ್ತು ನಿಮಿಷವೆಂದು ಹೇಳಿ ನಲವತ್ತು ನಿಮಿಷ ನುಂಗಿದರೆ ಆ ಹೊತ್ತು ಹೋಗುವುದು ಶುಂಭ–ನಿಶುಂಭರ ಲೆಕ್ಕದಿಂದ. ಕೊನೆಗೆ ದೇವಿ ಉಯ್ಯಾಲೆಯಿಂದ ಇಳಿದು ಶುಂಭನನ್ನು ಮುಗಿಸುವುದು ಓಟದ ಸ್ಪರ್ಧೆಯ ಹಾಗೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕಾಲಮಿತಿಯೇ ಬೇಡವೆಂದರೆ ಅದು ಅಪ್ರಾಮಾಣಿಕತನ. ಇಡೀ ರಾತ್ರಿಯ ಆಟದಲ್ಲಿ ಎರಡು ಗಂಟೆಯ ಮೇಲೆ ಕುರ್ಚಿಗಳು ಎಷ್ಟು ತುಂಬಿರುತ್ತವೆಂದು ಎಲ್ಲರಿಗೂ ಗೊತ್ತು. ಕಾಲಮಿತಿಯಿಂದ ಹೆಂಗಸರು, ಶಾಲೆಯ ಮಕ್ಕಳು ಕೊನೆಯವರೆಗೆ ಕೂರುವಂತಾಯಿತು. ಹಗಲು ಕೆಲಸವಿರುವ ಶಿಕ್ಷಕರು, ಬ್ಯಾಂಕಿನವರು, ಪದವಿ ಓದುವ ಹುಡುಗರು ಮೇಳಕ್ಕೆ ಬರಲು ಸಾಧ್ಯವಾಯಿತು. ಆರು ತಿಂಗಳು ಹಗಲನ್ನು ರಾತ್ರಿ ಮಾಡಿ ಬದುಕಿದವರ ಆರೋಗ್ಯ ಏನಾಗುತ್ತದೆಂದು ಕಲಾವಿದರ ಮನೆಯವರನ್ನೇ ಕೇಳಬೇಕು. ಆದರೆ ಇಲ್ಲೂ ಒಂದು ಮಗ್ಗುಲು ಇದೆ. ಮೊದಲು ಆಟ ಮುಗಿದ ಮೇಲೆ ಕಲಾವಿದರು ಬೆಳಕಿನಲ್ಲಿ ಮೇಳದ ಬಸ್ಸಿನಲ್ಲೇ ಹೋಗುತ್ತಿದ್ದರು, ಮುಂದಿನ ಬಿಡಾರದಲ್ಲಿ ಮಧ್ಯಾಹ್ನದವರೆಗೆ ಮಲಗುತ್ತಿದ್ದರು. ಈಗ ಹನ್ನೊಂದೂವರೆಗೆ ಬಣ್ಣ ತೆಗೆದು, ಹನ್ನೆರಡೂವರೆಗೆ ಬೈಕ್ ಹತ್ತಿ, ಐವತ್ತು ಕಿಲೋಮೀಟರ್ ಆಚೆಯ ಮನೆಗೆ ಹೊರಡುತ್ತಾರೆ. ಐದು ಗಂಟೆ ಕುಣಿದು ದಣಿದ ಮೈ, ಘಾಟಿಯ ತಿರುವು, ಇಬ್ಬನಿ. ಮೇಳದ ಬಸ್ಸು ರಾತ್ರಿಯೇ ಎರಡು ದಿಕ್ಕಿಗೆ ಬಿಟ್ಟುಬರುವ ವ್ಯವಸ್ಥೆ ಮಾಡಿದರೆ ಖರ್ಚಾಗುವುದು ಡೀಸೆಲ್ ಮಾತ್ರ.

ಪೂರ್ವರಂಗಕ್ಕೆ ಏನು ದಾರಿ? ನಿಯಮದ ಒಳಗೇ ಒಂದಿದೆ. ಹತ್ತರ ಮಿತಿ ತಗಲುವುದು ಆಟದ ಕೊನೆಗೆ, ಮೊದಲಿಗಲ್ಲ. ಸಂಜೆ ಆರಕ್ಕೆ ಪ್ರಸಂಗ ಎಂದಾದರೆ ಐದಕ್ಕೆ ಪೂರ್ವರಂಗ ಶುರುವಾಗಲಿ. ಜನ ಇರುವುದಿಲ್ಲ ನಿಜ, ಹಿಂದೆಯೂ ಇರಲಿಲ್ಲ. ತೊಡಕಿರುವುದು ಮೇಳದೊಳಗೆ. ಐದಕ್ಕೆ ಕೋಡಂಗಿ ಹೋಗಬೇಕಾದರೆ ನಾಲ್ಕಕ್ಕೆ ಪೆಟ್ಟಿಗೆ ಬಂದಿರಬೇಕು, ಮೂರಕ್ಕೆ ಲಾರಿ ಇಳಿಯಬೇಕು, ಹಗಲು ಕೆಲಸದ ಹುಡುಗರು ಆ ಹೊತ್ತಿಗೆ ಬರುವಂತಿಲ್ಲ. ಅದಕ್ಕೇ ಇದನ್ನು ದಿನವೂ ಮಾಡುವ ಬದಲು ಶನಿವಾರ, ಭಾನುವಾರದ ಆಟಗಳಿಗೆ ಇಟ್ಟುಕೊಳ್ಳುವುದು ನಡೆಯುವ ಮಾತು. 190 ರಾತ್ರಿಯಲ್ಲಿ ಅಂಥವು ಐವತ್ತಕ್ಕೂ ಹೆಚ್ಚು. ಮುಚ್ಚಿದ ಸಭಾಂಗಣಕ್ಕೆ ರಾತ್ರಿಯ ನಿಯಮ ಬೇರೆ. ಅಲ್ಲಿ ಆಟವಿರುವ ದಿನಗಳಲ್ಲಿ ಪೂರ್ವರಂಗಕ್ಕೂ ಹಳೆಯ ಅಳತೆಯನ್ನೇ ಕೊಡಬಹುದು.

ಈ ಸಲ ಆಟ ಆಡಿಸುವವರು ಸಂಚಾಲಕರ ಹತ್ತಿರ ವೀಳ್ಯದ (ಆಟಕ್ಕೆ ಕೊಡುವ ಹಣದ) ಮಾತಾಡುವಾಗ ಸಾಮಾನ್ಯವಾಗಿ ಕೇಳುವುದು ಒಂದೇ, ‘ಭಾಗವತರು ಯಾರು?’ ಅದರ ಜೊತೆ ಇನ್ನೆರಡು ಕೇಳಿ ನೋಡಿ: ‘ಸಂಗೀತಕ್ಕೆ ಕೂರುವ ಹುಡುಗ ಯಾರು, ಅವನಿಗೆ ಎಷ್ಟು ಹೊತ್ತು?’ ಉತ್ತರ ಹತ್ತು ನಿಮಿಷವೆಂದು ಬಂದರೆ, ನಿಮ್ಮ ಸಭಾ ಕಾರ್ಯಕ್ರಮದ ನಲವತ್ತು ನಿಮಿಷವನ್ನು ಅವನಿಗೆ ಬಿಟ್ಟುಕೊಡಬಹುದೇ ಎಂದು ಅಲ್ಲೇ ತೀರ್ಮಾನಿಸಿ, ಕರಪತ್ರ ಅಚ್ಚಾಗುವ ಮೊದಲು.